ಲೈಕ್ ಬರುತ್ತವೆ, ಆರ್ಡರ್ ಬರುವುದಿಲ್ಲ

ಪ್ರಶ್ನೆ: ಕೈಯಲ್ಲಿ ಹೊಲಿದ ಚೀಲಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಎಕ್ಸ್ (ಹಿಂದಿನ ಟ್ವಿಟರ್) ಮತ್ತು ಥ್ರೆಡ್ಸ್‌ನಲ್ಲಿ ದಿನಕ್ಕೆ ನಾಲ್ಕೈದು ಆಫರ್ ಪೋಸ್ಟ್ ಹಾಕಿದರೂ ಮಾರಾಟ ಏರುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಚೀಲ ಬೇಕಾದವರು ನಿಮ್ಮ ಪುಟದಲ್ಲಿಲ್ಲ, ಬೇರೆಲ್ಲೋ ಪ್ರಶ್ನೆ ಕೇಳುತ್ತಿದ್ದಾರೆ. ಪೋಸ್ಟ್ ಬರೆಯಲು ಕೊಡುವ ಸಮಯದ ದುಪ್ಪಟ್ಟನ್ನು ಹುಡುಕುವುದಕ್ಕೆ, ಉತ್ತರಿಸುವುದಕ್ಕೆ ಕೊಡಿ. ದಿನಕ್ಕೆ ಒಂದು ಪೋಸ್ಟ್ ಸಾಕು.

‘ಬ್ಯಾಗ್’ ಎಂದು ಹುಡುಕಿದರೆ ನಿಮ್ಮಂಥ ಮಾರಾಟಗಾರರೇ ಸಿಗುತ್ತಾರೆ. ಗಿರಾಕಿಯ ಬಾಯಲ್ಲಿ ಬರುವ ಮಾತನ್ನು ಹುಡುಕಿ: ‘ಜಿಪ್ ಕಿತ್ತುಹೋಯ್ತು’, ‘ಲ್ಯಾಪ್‌ಟಾಪ್‌ಗೆ ಯಾವ ಚೀಲ’. ಎಕ್ಸ್‌ನಲ್ಲಿ ಇಡೀ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಪದಗಳು ಅದೇ ಕ್ರಮದಲ್ಲಿರುವ ಪೋಸ್ಟ್‌ಗಳು ಬರುತ್ತವೆ. ಬೇಡದ ಪದದ ಮೊದಲು ಮೈನಸ್ ಚಿಹ್ನೆ ಹಾಕಿದರೆ ಆ ಪದವಿರುವ ಪೋಸ್ಟ್‌ಗಳು ಹೊರಗುಳಿಯುತ್ತವೆ. ಫಲಿತಾಂಶವನ್ನು ‘ಲೇಟೆಸ್ಟ್’ಗೆ ಬದಲಿಸಿಕೊಳ್ಳಿ. ವಾರದ ಹಿಂದಿನ ಪ್ರಶ್ನೆಗೆ ಇಂದು ಉತ್ತರಿಸಿದರೆ ಅವರು ಆಗಲೇ ಕೊಂಡು ಮುಗಿಸಿರುತ್ತಾರೆ.

ಉತ್ತರದಲ್ಲಿ ಮೊದಲು ಉಪಯೋಗಕ್ಕೆ ಬರುವ ಮಾಹಿತಿ ಇರಲಿ: ಎಷ್ಟು ಭಾರ ತಡೆಯುತ್ತದೆ, ಯಾವ ಹೊಲಿಗೆ ಬೇಗ ಬಿಚ್ಚುತ್ತದೆ. ಲಿಂಕ್ ಅವರು ಕೇಳಿದ ಮೇಲೆ. ಒಂದೇ ಉತ್ತರವನ್ನು ಹತ್ತಾರು ಮಂದಿಗೆ ಅಂಟಿಸಿದರೆ ಅದನ್ನು ಸ್ಪ್ಯಾಮ್ ಎಂದು ಪರಿಗಣಿಸಿ ಖಾತೆಯನ್ನೇ ನಿರ್ಬಂಧಿಸಬಹುದು.

ನಿಮ್ಮ ಉತ್ತರ ಓದಿದವರು ಮುಂದೆ ನೋಡುವುದು ಪ್ರೊಫೈಲ್. ಎಕ್ಸ್‌ನಲ್ಲಿ ಪರಿಚಯಕ್ಕೆ 160 ಅಕ್ಷರಗಳ ಜಾಗವಿದೆ. ಏನು ಮಾರುತ್ತೀರಿ, ಆರ್ಡರ್ ಹೇಗೆ ಎಂಬೆರಡಕ್ಕೆ ಅಷ್ಟು ಸಾಕು. ಬೆಲೆ ಮತ್ತು ತಲುಪುವ ಅವಧಿ ಇರುವ ಪೋಸ್ಟನ್ನು ಮೇಲೆ ಪಿನ್ ಮಾಡಿ. ಬೆಲೆಗಾಗಿ ಮೆಸೇಜ್ ಮಾಡಿ ಎಂದು ಬರೆಯಲೇಬೇಡಿ, ಹೆಚ್ಚಿನವರು ಮಾಡುವುದಿಲ್ಲ.

ಲೈಕ್ ಲೆಕ್ಕ ಬಿಡಿ. ಅಂಗಡಿಯ ಲಿಂಕ್‌ನ ಕೊನೆಗೆ ಯುಟಿಎಂ ಟ್ಯಾಗ್, ಅಂದರೆ ಭೇಟಿ ಎಲ್ಲಿಂದ ಬಂತೆಂದು ತಿಳಿಸುವ ಗುರುತು, ಸೇರಿಸಿ: ಸೋರ್ಸ್‌ನಲ್ಲಿ ತಾಣದ ಹೆಸರು, ಮೀಡಿಯಂನಲ್ಲಿ ‘ಸೋಶಿಯಲ್’, ಕ್ಯಾಂಪೇನ್‌ನಲ್ಲಿ ಪೋಸ್ಟ್‌ನ ಗುರುತು. ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಿ. ದೊಡ್ಡಕ್ಷರ ಬೆರೆತರೆ, ಭೇಟಿಗಳ ಲೆಕ್ಕವಿಡುವ ಗೂಗಲ್ ಅನಲಿಟಿಕ್ಸ್ ಅದನ್ನು ಬೇರೆ ಮೂಲವೆಂದೇ ಎಣಿಸುತ್ತದೆ. ಟ್ಯಾಗ್ ಇಲ್ಲದಿದ್ದರೆ ಆ್ಯಪ್‌ನಿಂದ ಬಂದ ಎಷ್ಟೋ ಭೇಟಿಗಳು ‘ಡೈರೆಕ್ಟ್’ (ಮೂಲ ತಿಳಿಯದ ನೇರ ಭೇಟಿ) ಲೆಕ್ಕಕ್ಕೆ ಸೇರಿ ಕಳೆದುಹೋಗುತ್ತವೆ. ಲಿಂಕ್ ಉದ್ದವಾಯಿತೆಂಬ ಚಿಂತೆ ಬೇಡ: ಎಕ್ಸ್ ಯಾವ ಲಿಂಕನ್ನೂ 23 ಅಕ್ಷರವೆಂದೇ ಎಣಿಸುತ್ತದೆ.

ಪ್ರಶ್ನೆ: ಎಕ್ಸ್‌ನಲ್ಲಿ ಕನ್ನಡದಲ್ಲಿ ಬರೆದರೆ 280 ಅಕ್ಷರಗಳ ಮಿತಿ ಬೇಗ ಮುಗಿಯುತ್ತದೆ. ಯಾಕೆ?

ಕಣ್ಣಿಗೆ ಕಾಣುವ ಅಕ್ಷರವನ್ನು ಎಕ್ಸ್ ಎಣಿಸುವುದಿಲ್ಲ, ಅದರೊಳಗಿನ ಯುನಿಕೋಡ್ ಸಂಕೇತಗಳನ್ನು (ವ್ಯಂಜನ, ಒತ್ತು, ಸ್ವರಚಿಹ್ನೆಗಳಿಗೆ ಕಂಪ್ಯೂಟರ್ ಕೊಡುವ ಬೇರೆ ಬೇರೆ ಗುರುತು) ಎಣಿಸುತ್ತದೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅಲ್ಲಿ ಆರು. ಒತ್ತಕ್ಷರ ಹೆಚ್ಚಿದಷ್ಟೂ ಜಾಗ ಕರಗುತ್ತದೆ. ಎಕ್ಸ್‌ನಂಥದೇ ತಾಣವಾದ ಬ್ಲೂಸ್ಕೈಯಲ್ಲಿ ಮಿತಿ 300, ಆದರೆ ಅದು ಬಹುಮಟ್ಟಿಗೆ ಕಾಣುವ ಅಕ್ಷರಗಳನ್ನು ಎಣಿಸುವುದರಿಂದ ಕನ್ನಡಕ್ಕೆ ಅಲ್ಲಿ ಹೆಚ್ಚು ಜಾಗ. ಹ್ಯಾಶ್‌ಟ್ಯಾಗ್ ಒಂದೋ ಎರಡೋ ಸಾಕು. ನಡುವೆ ಸ್ಪೇಸ್ ಅಥವಾ ಹೈಫನ್ ಬಂದರೆ ಅಲ್ಲಿಗೇ ತುಂಡಾಗುತ್ತದೆ.

ಪ್ರಶ್ನೆ: ಗಿರಾಕಿಯೊಬ್ಬರು ನನ್ನ ಪೋಸ್ಟ್‌ಗೆ ಉತ್ತರವಾಗಿ ಎಲ್ಲರೆದುರು ಕಟುವಾಗಿ ದೂರಿದ್ದಾರೆ. ಆ ಉತ್ತರವನ್ನು ಮರೆಮಾಡಲೇ?

ಬೇಡ. ಎಕ್ಸ್‌ನಲ್ಲಿ ಮರೆಮಾಡಿದ ಉತ್ತರಗಳನ್ನು ಬೇರೆಯವರು ತೆರೆದು ಓದಬಹುದು. ಮುಚ್ಚಿಟ್ಟಿದ್ದೇ ಹೊಸ ದೂರಾಗುತ್ತದೆ. ನಿಂದನೆಯಿದ್ದರೆ ಮಾತು ಬೇರೆ.

ಅಲ್ಲಿಯೇ ಎಲ್ಲರೆದುರು ಉತ್ತರಿಸಿ: ಏನಾಗಿದೆ, ಮುಂದಿನ ಮಾಹಿತಿ ಎಷ್ಟು ಗಂಟೆಗೆ ಕೊಡುತ್ತೀರಿ. ಆರ್ಡರ್ ಸಂಖ್ಯೆ, ಫೋನ್ ನಂಬರ್‌ಗಳನ್ನು ಖಾಸಗಿ ಮೆಸೇಜ್‌ನಲ್ಲೇ ಕೇಳಿ. ದೂರುಗಳ ಕೆಳಗೆ ಕಂಪನಿಯ ಹೆಸರಿನ ನಕಲಿ ಖಾತೆಗಳು ಬಂದು ‘ಹಣ ವಾಪಸ್’ ಎಂದು ಬ್ಯಾಂಕ್ ವಿವರ ಕೇಳುವುದುಂಟು. ನಿಮ್ಮ ಅಧಿಕೃತ ಖಾತೆ ಯಾವುದೆಂದು ಆ ಉತ್ತರದಲ್ಲೇ ತಿಳಿಸಿ. ಸಮಸ್ಯೆ ಬಗೆಹರಿದ ಮೇಲೆ ಅದೇ ಎಳೆಯಲ್ಲಿ ಒಂದು ಸಾಲು ಬರೆಯಿರಿ, ಇಲ್ಲದಿದ್ದರೆ ನಂತರ ಓದುವವರಿಗೆ ದೂರು ಮಾತ್ರ ಕಾಣುತ್ತದೆ.

ಇನ್ನೊಂದು, ಬಹಳ ಮಂದಿ ಮರೆಯುವುದು: ಮೊದಲೇ ಶೆಡ್ಯೂಲ್ ಮಾಡಿಟ್ಟ ಪೋಸ್ಟ್‌ಗಳನ್ನು ತಕ್ಷಣ ನಿಲ್ಲಿಸಿ. ದೂರು ಹರಡುತ್ತಿರುವಾಗ ‘ಖುಷಿಯ ಸುದ್ದಿ, ಹೊಸ ಆಫರ್’ ಎಂಬ ಪೋಸ್ಟ್ ತಾನಾಗಿ ಹೊರಟರೆ, ನೊಂದವರಿಗೆ ಅದು ನಿಮ್ಮ ಉತ್ತರದಂತೆಯೇ ಕೇಳಿಸುತ್ತದೆ.