ಹಾಂಗೊಪ್ ಅಂದ್ರೆ ನಮ್ಮ ಚಕ್ಕಾನೇ!

ಪ್ರಶ್ನೆ: ಅಕ್ಕಾ, ಮಗ ನೆದರ್ಲೆಂಡ್ಸ್‌ನಿಂದ ರಜೆಗೆ ಬಂದಿದ್ದ. ಅಲ್ಲಿ ಬೇಸಿಗೆಯಲ್ಲಿ ಸ್ಟ್ರಾಬೆರಿ ಹಾಕಿ ‘ಹಾಂಗೊಪ್’ ಅಂತ ತಿಂತಾರಂತೆ. ನಾನು ಕ್ರೀಮ್ ಕಡೆದು, ಹಣ್ಣಿಗೆ ಸಕ್ಕರೆ ಬೆರೆಸಿ ಇಟ್ಟೆ. ಒಂದು ಗಂಟೆಯಲ್ಲಿ ಬಟ್ಟಲೆಲ್ಲ ಕೆಂಪು ನೀರು. ‘ಇದಲ್ಲಮ್ಮಾ’ ಅಂದುಬಿಟ್ಟ. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕ್ರೀಮ್ ಬೇಡವೇ ಬೇಡ. ಡಚ್ ಮಾತಿನಲ್ಲಿ ‘ಹಾಂಗ್ ಒಪ್’ ಅಂದರೆ ‘ನೇತುಹಾಕು’. ಮೊಸರನ್ನೋ ಮಜ್ಜಿಗೆಯನ್ನೋ ಬಟ್ಟೆಯಲ್ಲಿ ಕಟ್ಟಿ ನೀರಿಳಿಸುವುದು, ಅಷ್ಟೇ. ಶ್ರೀಖಂಡಕ್ಕೆ ನಾವು ಮೊಸರಿನ ನೀರಿಳಿಸಿ ಮಾಡುವ ಚಕ್ಕಾ ಇದ್ದ ಹಾಗೆ. ನಾನು ಉಟ್ರೆಕ್ಟ್‌ನಲ್ಲಿದ್ದಾಗ ಪಕ್ಕದ ಮನೆ ಅಜ್ಜಿಯ ಅಡುಗೆಮನೆಯಲ್ಲಿ ನಲ್ಲಿಗೆ ಕಟ್ಟಿದ್ದ ಗಂಟು ನೋಡಿ, ಏಲಕ್ಕಿ ಎಲ್ಲಿ ಅಂತ ಕೇಳುವುದೊಂದು ಬಾಕಿ ಇತ್ತು!

ಗಟ್ಟಿ ಹಾಲಿನ ಮೊಸರು 1 ಲೀಟರ್ ತಗೊಳ್ಳಿ. ತೆಳು ಪಂಚೆ ಬಟ್ಟೆಯಲ್ಲಿ ಸುರಿದು, ಜರಡಿಯ ಮೇಲಿಟ್ಟು, ರಾತ್ರಿಯಿಡೀ ಫ್ರಿಜ್‌ನಲ್ಲೇ ಬಿಡಿ. ಹೊರಗಿಡಬೇಡಿ. ಪುಣೆಯ ಕೊತ್ರೂಡಿನ ನಮ್ಮ ಮನೆಯಲ್ಲಿ ಒಮ್ಮೆ ಏಪ್ರಿಲ್ ಸೆಕೆಯಲ್ಲಿ ಕಿಟಕಿಗೆ ನೇತುಹಾಕಿ ಮಲಗಿದ್ದೆ. ಬೆಳಿಗ್ಗೆ ಅದು ಮಜ್ಜಿಗೆ ಹುಳಿಗೇ ಲಾಯಕ್ಕು. ಡೇರಿಯ ಚಕ್ಕಾ ಆದರೂ ನಡೆಯುತ್ತೆ, ಆದರೆ ಅದು ಜಾಸ್ತಿ ಗಟ್ಟಿ. ಕಾಲು ಕಿಲೋಗೆ ಮೂರ್ನಾಲ್ಕು ಚಮಚ ಹಾಲು ಹಾಕಿ ಸಡಿಲ ಮಾಡಿ. ಸಕ್ಕರೆ ಎರಡೇ ಚಮಚ. ಶ್ರೀಖಂಡದ ಕೈಯಲ್ಲಿ ಸುರಿದರೆ ಅದು ಶ್ರೀಖಂಡವೇ ಆಗುತ್ತೆ. ಇಳಿದ ನೀರು ಚಪಾತಿ ಹಿಟ್ಟಿಗೆ.

ಇನ್ನು ಆ ಕೆಂಪು ನೀರು. ಸಕ್ಕರೆ ಬಿದ್ದ ಕೂಡಲೇ ಸ್ಟ್ರಾಬೆರಿ ರಸ ಬಿಡುತ್ತೆ. ಹಣ್ಣನ್ನು ತೊಟ್ಟಿನ ಸಮೇತ ತೊಳೆದು, ಒರೆಸಿ, ಆಮೇಲೆ ತೊಟ್ಟು ತೆಗೆಯಿರಿ. ಹೆಚ್ಚುವುದು ಬಡಿಸುವಾಗ ಮಾತ್ರ. ಸಕ್ಕರೆ ಮೊಸರಿಗೆ ಇರಲಿ, ಹಣ್ಣಿಗೆ ಬೇಡ.

ಪ್ರಶ್ನೆ: ಮೇ ತಿಂಗಳಲ್ಲಿ ಡಚ್ ಸಿಹಿ ಮಾಡಬೇಕಂದ್ರೆ ಸ್ಟ್ರಾಬೆರಿಗೆ ಎಲ್ಲಿಗೆ ಹೋಗ್ಲಿ?
– ಗೃಹಿಣಿ, ಮುಲುಂಡ್

ಉತ್ತರ: ಅಲ್ಲಿ ಜೂನ್ ಹಣ್ಣಿನ ಕಾಲ. ನಮ್ಮ ಮಹಾಬಳೇಶ್ವರದ ಹಣ್ಣಿಗೆ ಚಳಿಗಾಲವೇ ಕಾಲ, ಮೇ ಹೊತ್ತಿಗೆ ಆಟ ಮುಗಿದಿರುತ್ತೆ. ಸುಮ್ನೆ ಹುಡುಕಬೇಡಿ. ಅವರದ್ದೇ ರವೆ ಪುಡಿಂಗ್ ಮಾಡಿ. ಅರ್ಧ ಲೀಟರ್ ಹಾಲು ಕುದಿಸಿ, 45 ಗ್ರಾಂ ಚಿರೋಟಿ ರವೆ ಉದುರಿಸಿ, ಗಂಟಾಗದಂತೆ ಕೈಯಾಡಿಸುತ್ತಾ ಬೇಯಿಸಿ, ಸಕ್ಕರೆ ಹಾಕಿ. ನೀರು ಹಚ್ಚಿದ ಬಟ್ಟಲಿಗೆ ಹುಯ್ದು ತಣ್ಣಗಾಗಲು ಬಿಡಿ. ಅಲ್ಲಿ ಇದರ ಮೇಲೆ ಕೆಂಪು ಬೆರಿಯ ಹುಳಿ ರಸ ಹಾಕುತ್ತಾರೆ. ನಾನು ಪುನರ್ಪುಳಿ ಶರಬತ್ತನ್ನು ಸ್ವಲ್ಪ ಗಟ್ಟಿಯಾಗಿ ಕಾಯಿಸಿ ಸುರಿಯುತ್ತೇನೆ. ಡಚ್ಚರು ಒಪ್ಪುತ್ತಾರೋ ಇಲ್ಲವೋ, ನಮ್ಮನೆಯಲ್ಲಿ ಬಟ್ಟಲು ಖಾಲಿ.