ಓದುಗರ ಪ್ರಶ್ನೆ: ಲಂಕೆಯ ಸಾಲ, ನಮ್ಮ ಪ್ರವಾಸ

ಪ್ರಶ್ನೆ: ನೋಟು ಅಚ್ಚು ಹಾಕುವ ಅಧಿಕಾರ ಕೈಯಲ್ಲೇ ಇದ್ದೂ 2022ರಲ್ಲಿ ಶ್ರೀಲಂಕಾ ದಿವಾಳಿ ಎದ್ದದ್ದು ಹೇಗೆ?
– ಪದವಿ ವಿದ್ಯಾರ್ಥಿ, ಬಸವಕಲ್ಯಾಣ

ಉತ್ತರ: ಅಚ್ಚು ಹಾಕಬಹುದಾದದ್ದು ಲಂಕಾ ರೂಪಾಯಿ, ತೀರಿಸಬೇಕಿದ್ದದ್ದು ಡಾಲರ್ ಸಾಲ. ಡಾಲರ್ ಬರುತ್ತಿದ್ದದ್ದು ಚಹಾ, ಸಿದ್ಧ ಉಡುಪು, ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ ಮತ್ತು ಪ್ರವಾಸಿಗರಿಂದ. 2018ರಲ್ಲಿ 23 ಲಕ್ಷ ಪ್ರವಾಸಿಗರು ಬಂದಿದ್ದರು. ಗಳಿಕೆ ಸುಮಾರು 440 ಕೋಟಿ ಡಾಲರ್. 2019ರ ಈಸ್ಟರ್ ದಿನದ ಬಾಂಬ್ ಸ್ಫೋಟ, ಅದರ ಬೆನ್ನಿಗೇ ಕೋವಿಡ್. 2021ರಲ್ಲಿ ಬಂದವರು 2 ಲಕ್ಷವೂ ಇಲ್ಲ. ಇದು ದುರದೃಷ್ಟ ಎನ್ನೋಣ. ಆದರೆ 2019ರ ಕೊನೆಯಲ್ಲಿ ವ್ಯಾಟ್ (ಸರಕು, ಸೇವೆಗಳ ಮೇಲಿನ ತೆರಿಗೆ) ಅನ್ನು ಶೇ 15ರಿಂದ 8ಕ್ಕೆ ಇಳಿಸಿ ಸರ್ಕಾರದ ಆದಾಯ ಕಡಿಮೆ ಮಾಡಿಕೊಂಡದ್ದು, 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ ಭತ್ತದ ಇಳುವರಿ ಕೆಡಿಸಿಕೊಂಡು, ಇಲ್ಲದ ಡಾಲರ್‌ನಲ್ಲಿ ಅಕ್ಕಿ ತರಿಸಿದ್ದು ಕೈಯಾರೆ ಮಾಡಿಕೊಂಡ ಕೇಡು. 2022ರ ಏಪ್ರಿಲ್ 12ರಂದು ವಿದೇಶಿ ಸಾಲದ ಪಾವತಿ ನಿಲ್ಲಿಸಿದರು. ಮಾರ್ಚ್‌ವರೆಗೆ 200 ಲಂಕಾ ರೂಪಾಯಿಯ ಆಸುಪಾಸಿನಲ್ಲಿ ಹಿಡಿದಿಟ್ಟಿದ್ದ ಡಾಲರ್ ಬೆಲೆ ಮೇ ಹೊತ್ತಿಗೆ 360 ಮುಟ್ಟಿತು.

ಪ್ರಶ್ನೆ: ನಾವು ಇಪ್ಪತ್ತು ಮಂದಿ ಬೌದ್ಧ ಉಪಾಸಕರು ಅನುರಾಧಪುರಕ್ಕೆ ಹೊರಟಿದ್ದೇವೆ. ಲಂಕೆಯ ರೂಪಾಯಿ ಬಿದ್ದಿದೆ, ಭಾಳ ಅಗ್ಗ ಎನ್ನುತ್ತಾರೆ ಏಜೆಂಟರು. ನಿಜವೆ?
– ಓದುಗರು, ಕಲಬುರಗಿ

ಉತ್ತರ: ಲೆಕ್ಕ ಹಾಕಿ ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ನಮ್ಮ ಒಂದು ರೂಪಾಯಿಗೆ ಅಲ್ಲಿನ ಸುಮಾರು 2.7 ಸಿಗುತ್ತಿತ್ತು. ಅಲ್ಲಿ 1,000 ಇದ್ದ ಬಿಲ್ಲು ನಮಗೆ 370 ಬೀಳುತ್ತಿತ್ತು. ಒಂದೇ ವರ್ಷದಲ್ಲಿ ಬೆಲೆಗಳು ಶೇ 70ರಷ್ಟು ಏರಿ ಅದೇ ಬಿಲ್ಲು 1,700 ಆಯಿತು. ಆಗ ರೂಪಾಯಿಗೆ ಸುಮಾರು 4.5 ಸಿಗುತ್ತಿತ್ತು, ಅಂದರೆ ನಮಗೆ 378. ಲಾಭ ಎಲ್ಲಿ ಬಂತು? 2024ರ ಕೊನೆಗೆ ದರ 3.4ಕ್ಕೆ ಇಳಿಯಿತು, ಬೆಲೆ ಇಳಿಯಲಿಲ್ಲ. ಆಗ ಅದೇ ಬಿಲ್ಲು ನಮಗೆ 500. ಮೇಲೆ ಹೋಟೆಲಿನವರು ಶೇ 10 ಸರ್ವಿಸ್ ಚಾರ್ಜ್ ಹಾಕುತ್ತಾರೆ, 2024ರ ಜನವರಿಯಿಂದ ವ್ಯಾಟ್ ಶೇ 18. ಏಜೆಂಟರು ಹೇಳಿದ ರೇಟಿನಲ್ಲಿ ಇವೆರಡೂ ಸೇರಿವೆಯೇ ಎಂದು ಬರೆಸಿಕೊಳ್ಳಿ. ದೊಡ್ಡ ಹೋಟೆಲುಗಳೂ ಪುರಾತತ್ವ ತಾಣಗಳೂ ವಿದೇಶಿಯರಿಗೆ ದರ ಹೇಳುವುದು ಡಾಲರ್‌ನಲ್ಲಿ. ಅಲ್ಲಿ ಲಂಕಾ ರೂಪಾಯಿ ಬಿದ್ದರೂ ನಿಮಗೇನೂ ಉಳಿಯದು. ಭಾರತವೂ ಸೇರಿದ ಸಾರ್ಕ್ (ದಕ್ಷಿಣ ಏಷ್ಯಾ ಒಕ್ಕೂಟ) ದೇಶದವರಿಗಿರುವ ಟಿಕೆಟ್ ರಿಯಾಯಿತಿ ಕೇಳಿ ಪಡೆಯಿರಿ, ಅದಕ್ಕೆ ಪಾಸ್‌ಪೋರ್ಟ್ ಜೊತೆಗಿರಬೇಕು.

ಹಣದ ವಿಷಯ: ಲಂಕಾ ನೋಟನ್ನು ಇಲ್ಲಿಂದಲೇ ಕೊಳ್ಳಬೇಡಿ, ಡಾಲರ್ ಒಯ್ದು ಕೊಲಂಬೊ ವಿಮಾನ ನಿಲ್ದಾಣದ ಬ್ಯಾಂಕ್ ಕೌಂಟರಿನಲ್ಲಿ ಬದಲಿಸಿ. ರಸೀದಿ ಬಿಸಾಡಬೇಡಿ, ಉಳಿದ ನೋಟು ಮರಳಿ ಕೊಡುವಾಗ ಕೇಳುತ್ತಾರೆ. ನಮ್ಮ ನೋಟು ಒಬ್ಬರಿಗೆ 25,000 ರೂಪಾಯಿ ಮೀರುವಂತಿಲ್ಲ. 2024ರ ಫೆಬ್ರುವರಿಯಿಂದ ಅಲ್ಲಿ ಯುಪಿಐ ನಡೆಯುತ್ತದೆ. ಆದರೆ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಪೇಮೆಂಟ್ ಆನ್ ಮಾಡದೆ ಹೋದರೆ ಸ್ಕ್ಯಾನ್ ಮಾಡಿದರೂ ಹಣ ಹೋಗುವುದಿಲ್ಲ. ಲಂಕೆಗೆ ಬೌದ್ಧ ಧರ್ಮ ಬಂದ ನೆನಪಿನ ಜೂನ್‌ನ ಪೊಸೊನ್ ಹುಣ್ಣಿಮೆಗೆ ಅನುರಾಧಪುರದ ಹತ್ತಿರದ ಮಿಹಿಂತಲೆ ಬೆಟ್ಟ ನೋಡಬೇಕೆಂದಿದ್ದರೆ ಕೋಣೆ ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ. 2022ರ ಪೆಟ್ರೋಲ್ ಸಾಲುಗಳ ಭಯ ಬೇಡ. 2024ರಲ್ಲಿ 20 ಲಕ್ಷ ಮಂದಿ ಹೋಗಿ ಬಂದಿದ್ದಾರೆ, ಬೇರೆ ಯಾವ ದೇಶದವರಿಗಿಂತಲೂ ನಮ್ಮವರೇ ಹೆಚ್ಚು.

ಪ್ರಶ್ನೆ: ಭಾರತ ಅವರಿಗೆ 400 ಕೋಟಿ ಡಾಲರ್ ಕೊಟ್ಟಿತಂತೆ. ಮರಳಿ ಬರುವುದೆ?
– ತೊಗರಿ ವ್ಯಾಪಾರಿ, ಶಹಾಪುರ

ಉತ್ತರ: ಕೈಗೆ ರೊಕ್ಕ ಕೊಟ್ಟದ್ದಲ್ಲ. ಅಡತಿ ಅಂಗಡಿಯ ಉದ್ರಿಯಂತೆ ಎನ್ನಿ. ಆಹಾರ, ಔಷಧಕ್ಕೆಂದು ಸ್ಟೇಟ್ ಬ್ಯಾಂಕ್ ಮೂಲಕ ನೀಡಿದ 100 ಕೋಟಿ ಡಾಲರ್‌ನಲ್ಲಿ ಮಾಲು ಹೋದದ್ದು ಇಲ್ಲಿಂದಲೇ, ಹಣ ಸಂದದ್ದೂ ಇಲ್ಲಿನ ಮಾರಾಟಗಾರರಿಗೆ. ಇಂಧನಕ್ಕೆ 50 ಕೋಟಿ, ರಿಸರ್ವ್ ಬ್ಯಾಂಕಿನ ಕರೆನ್ಸಿ ಸ್ವ್ಯಾಪ್ (ತಮ್ಮ ನೋಟು ಕೊಟ್ಟು ಸ್ವಲ್ಪ ಕಾಲಕ್ಕೆ ಡಾಲರ್ ಪಡೆಯುವ ವಿನಿಮಯ) 40 ಕೋಟಿ. ಇನ್ನೂ ಒಂದು ಪಾಲು, ಅವರು ನಮಗೆ ಕೊಡಬೇಕಿದ್ದ ಬಾಕಿಯನ್ನು ಮುಂದೂಡಿದ್ದು. 2024ರ ಜೂನ್‌ನಲ್ಲಿ ಭಾರತ, ಜಪಾನ್, ಫ್ರಾನ್ಸ್ ಮುಂದಾಳತ್ವದ, ಸಾಲ ಕೊಟ್ಟ ದೇಶಗಳ ಸಮಿತಿ ಒಟ್ಟು 580 ಕೋಟಿ ಡಾಲರ್ ಸಾಲವನ್ನು ಹೊಸ ಕಂತುಗಳಿಗೆ ಕಟ್ಟಿತು. ಬರುತ್ತದೆ, ನಿಧಾನವಾಗಿ. ನೆರವು ನಿಲ್ಲಿಸಿದ್ದರೆ ನಮಗೂ ಪೆಟ್ಟು ಬೀಳುತ್ತಿತ್ತು: ಕೊಲಂಬೊದಲ್ಲಿ ಒಂದು ಹಡಗಿನಿಂದ ಇನ್ನೊಂದಕ್ಕೆ ಬದಲಾಗುವ ಕಂಟೇನರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದ ಸರಕಿನವು.

ಪ್ರಶ್ನೆ: ಸನ್ನತಿಗೆ ಲಂಕೆಯ ಯಾತ್ರಿಕರು ಯಾವಾಗ ಬಂದಾರು?
– ಓದುಗರು, ಚಿತ್ತಾಪುರ

ಉತ್ತರ: 2021ರಲ್ಲಿ 2.7 ಲಂಕಾ ರೂಪಾಯಿ ಕೊಟ್ಟು ಕೊಳ್ಳುತ್ತಿದ್ದ ನಮ್ಮ ರೂಪಾಯಿಗೆ ಅವರು 2024ರ ಕೊನೆಗೆ 3.4 ಕೊಡಬೇಕಾಯಿತು. ಕೂಡಿಟ್ಟ ಹಣದಲ್ಲಿ ಮೊದಲು ಬುದ್ಧಗಯೆಗೆ ಹೋಗುತ್ತಾರೆ. ಸನ್ನತಿ ಪಕ್ಕದ ಕನಗನಹಳ್ಳಿಯ ಪ್ರಾಚೀನ ಬೌದ್ಧ ಸ್ತೂಪದ ಬಳಿ ಒಳ್ಳೆಯ ವಸತಿ, ಸಿಂಹಳ ಬಲ್ಲ ಗೈಡ್ ಸಿದ್ಧವಾಗುವವರೆಗೆ ದರ ಸರಿಹೋದರೂ ಅವರು ಇತ್ತ ತಿರುಗಲಿಕ್ಕಿಲ್ಲ.