ಮಕ್ಕಳ ಮ್ಯಾಚಿಗೆ ಫೋಟೊಗ್ರಾಫರ್ ಬೇಕಾ, ಫೋನ್ ಸಾಲದಾ?

ಮಗಳ ಫುಟ್‌ಬಾಲ್ ಟೀಮಿನವರು ಫೋಟೊಗ್ರಾಫರ್‌ನನ್ನು ಕರೆಸೋಣ ಅಂತಿದ್ದಾರೆ, ಎಲ್ಲರ ಕೈಯಲ್ಲೂ ಫೋನ್ ಇರುವಾಗ ಅದು ದಂಡದ ಖರ್ಚಲ್ವಾ ಎಂದು ಕೇಳಿದ್ದೀರಿ. ಪ್ರತಿ ಮ್ಯಾಚಿಗೂ ಖಂಡಿತ ಬೇಡ. ಆದರೆ ಸೀಸನ್‌ನಲ್ಲಿ ಒಂದು ಮ್ಯಾಚಿಗಾದರೂ, ಎಲ್ಲಾ ಪೋಷಕರೂ ಸೇರಿ ಖರ್ಚು ಹಂಚಿಕೊಂಡು ಕರೆಸಿ. ನಾನು ನನ್ನ ಮಗನ ಟೀಮಿಗೆ ಈ ಏರ್ಪಾಡು ನೋಡಿಕೊಳ್ಳುತ್ತೇನೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಹತ್ತಿರ ನಿಂತ ಮಗುವಿನ ಫೋಟೊಗೆ ಫೋನ್ ಬೇಕಾದಷ್ಟಾಯಿತು. ಆಟ ಮೈದಾನದ ಆಚೆ ತುದಿಗೆ ಹೋದಾಗ ಕಷ್ಟ ಶುರು. ಒಂದು ಮಿತಿ ದಾಟಿ ಜೂಮ್ ಮಾಡಿದರೆ ಫೋನ್ ಸುಮ್ನೆ ಚಿತ್ರದ ನಡುಭಾಗ ಕತ್ತರಿಸಿ ದೊಡ್ಡದು ಮಾಡುತ್ತದೆ, ಮುಖ ಮಸುಕಾಗುತ್ತದೆ. ಓಡುತ್ತಿರುವ ಮಗು ಅಲುಗದಂತೆ ಮೂಡಬೇಕಾದರೆ ಶಟರ್ ಸುಮಾರು 1/1000 ಸೆಕೆಂಡ್ ಮಾತ್ರ ತೆರೆದಿರಬೇಕು. ಅಷ್ಟು ಹೊತ್ತಿನಲ್ಲಿ ಸಾಕಷ್ಟು ಬೆಳಕು ಒಳಗೆ ಬರಲು ದೊಡ್ಡ ಲೆನ್ಸ್ ಬೇಕು. ಫೋಟೊಗ್ರಾಫರ್‌ಗಳು 70-200 ಎಂಎಂ, ಎಫ್ 2.8 ಲೆನ್ಸ್‌ನಂಥ, ಅಂದರೆ ದೂರದ್ದನ್ನು ಹತ್ತಿರ ತರುವ, ಹೆಚ್ಚು ಬೆಳಕು ಒಳಬಿಡುವ ಭಾರದ ಸಾಮಾನು ಹೊತ್ತು ತರುವುದು ಇದಕ್ಕೇ. ಒಳಾಂಗಣ ಆಟಗಳಲ್ಲಂತೂ ಇನ್ನೂ ಕಷ್ಟ. ಅಲ್ಲಿನ ಎಷ್ಟೋ ದೀಪಗಳು ಕಣ್ಣಿಗೆ ಗೊತ್ತಾಗದ ವೇಗದಲ್ಲಿ ಮಿನುಗುತ್ತಿರುತ್ತವೆ. ಹಾಗಾಗಿ ಬೆನ್ನುಬೆನ್ನಿಗೆ ತೆಗೆದ ಫೋಟೊಗಳಲ್ಲೇ ಒಂದು ಬೆಳ್ಳಗೆ, ಮುಂದಿನದು ಕಪ್ಪಗೆ ಬರಬಹುದು. ಫ್ಲ್ಯಾಶ್ ಹಾಕೋಣವೆಂದರೆ, ಜಿಮ್ನಾಸ್ಟಿಕ್ಸ್‌ನಂಥ ಆಟಗಳಲ್ಲಿ ಅದು ಮಕ್ಕಳಿಗೇ ಅಪಾಯ.

ಸಾಮಾನಿಗಿಂತ ಆಟದ ತಿಳಿವಳಿಕೆ ದೊಡ್ಡದು. ಫುಟ್‌ಬಾಲ್ ಗೊತ್ತಿರುವವರು ಗೋಲ್ ಲೈನಿನ ಹಿಂದೆ, ಒಂದು ಪಕ್ಕಕ್ಕೆ ಮಂಡಿಯೂರಿ ಕೂರುತ್ತಾರೆ. ಚೆಂಡು ತರುವ ಮಕ್ಕಳ ಮುಖ ಅವರ ಕಡೆಗೇ ಇರುತ್ತದೆ, ಕ್ಯಾಮೆರಾ ಮಕ್ಕಳ ಕಣ್ಣಿನ ಮಟ್ಟದಲ್ಲಿರುತ್ತದೆ. ಪಕ್ಕದ ಗೆರೆಯಲ್ಲಿ ನಿಂತ ನಮಗೆ ಜಾಸ್ತಿ ಸಿಗುವುದು ಬೆನ್ನು, ಇಲ್ಲವೇ ನೆತ್ತಿ. ಗೋಲ್ ಆದ ಕೂಡಲೇ ನಾವು ಚಪ್ಪಾಳೆ ತಟ್ಟಲು ಫೋನ್ ಇಳಿಸುತ್ತೇವೆ. ಅವರು ಇಳಿಸುವುದಿಲ್ಲ. ಮಕ್ಕಳು ಒಬ್ಬರ ಮೇಲೊಬ್ಬರು ಬೀಳುವ ಆ ಖುಷಿ ಇರುವುದು ಅದರ ಮುಂದಿನ ಕ್ಷಣಗಳಲ್ಲೇ ಅಲ್ವಾ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು. ಪೋಷಕರು ತಮ್ಮ ಮಗುವಿನ ಫೋಟೊ ತೆಗೆಯುತ್ತಾರೆ, ಅದು ಸಹಜ. ಹಾಗಾದರೆ ಕೆಲಸ ಬಿಟ್ಟು ಮ್ಯಾಚಿಗೆ ಬರಲಾಗದ ಅಮ್ಮನ ಮಗುವಿನ ಫೋಟೊ ಯಾರು ತೆಗೆಯುತ್ತಾರೆ? ಕೊನೆಯ ಹತ್ತು ನಿಮಿಷ ಮಾತ್ರ ಆಡುವ ಮಗುವಿನದು? ನಾವು ಫೋಟೊಗ್ರಾಫರ್‌ಗೆ ಎಲ್ಲರ ಜರ್ಸಿ ನಂಬರಿನ ಪಟ್ಟಿ ಮೊದಲೇ ಕೊಟ್ಟು, ಪ್ರತಿಯೊಬ್ಬರದೂ ಆಡುತ್ತಿರುವ ಫೋಟೊ ಬೇಕೇ ಬೇಕು ಎಂದು ಹೇಳುತ್ತೇವೆ. ಬೆಂಚಿನಲ್ಲಿ ಕೂತೇ ಸೀಸನ್ ಕಳೆಯುವ ಮಗುವಿಗೆ ತಾನೂ ಆಡುತ್ತಿರುವ ಒಂದು ಒಳ್ಳೆ ಫೋಟೊ ಸಿಕ್ಕರೆ ಅದರ ಬೆಲೆಯೇ ಬೇರೆ. ಇನ್ನು ನೀವು ಫೋನ್ ಜೇಬಿಗೆ ಹಾಕಿ ನೆಮ್ಮದಿಯಾಗಿ ಆಟ ನೋಡಬಹುದು.

ಆಯ್ಕೆ ಮಾಡುವಾಗ ಮದುವೆ ಆಲ್ಬಮ್ ನೋಡಿ ಒಪ್ಪಬೇಡಿ. ಯಾವುದಾದರೂ ಒಂದೇ ಮ್ಯಾಚಿನ ಎಲ್ಲಾ ಫೋಟೊಗಳನ್ನು ತೋರಿಸಿ ಎನ್ನಿ, ಆರಿಸಿದ ಹತ್ತು ಸಾಲದು. ಪ್ರಿಂಟ್ ಹಾಕಿಸುವ ಹಕ್ಕು ನಿಮಗಿದೆಯಾ, ಅವರು ತಮ್ಮ ಪ್ರಚಾರಕ್ಕೆ ಈ ಫೋಟೊ ಬಳಸುತ್ತಾರಾ ಎಂಬುದನ್ನು ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಎಲ್ಲಾ ಪೋಷಕರ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ಯಾರಾದರೂ ಬೇಡ ಎಂದರೆ ಆ ಮಗುವಿನ ಜರ್ಸಿ ನಂಬರನ್ನೂ ಫೋಟೊಗ್ರಾಫರ್‌ಗೆ ತಿಳಿಸಿ, ಕಾರಣ ಕೇಳಬೇಡಿ.